ಸಮವಸ್ತ್ರಕ್ಕೆ ಮುನ್ನ ಮನಸ್ಸಿನ ಅಳತೆ

ಇಪ್ಪತ್ತೈದರ ಹುಡುಗನೊಬ್ಬ ಕ್ಯಾಲಿಫೋರ್ನಿಯಾದ ಯಾವುದೋ ಊರಿನಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ ಎಂದುಕೊಳ್ಳಿ. ಲಿಖಿತ ಪರೀಕ್ಷೆ ಮುಗಿದಿದೆ, ಓಟ ಮುಗಿದಿದೆ. ಇಲಾಖೆಯವರು ಅವನ ಹಳೆಯ ಮಾಲೀಕರನ್ನೂ ನೆರೆಹೊರೆಯವರನ್ನೂ ಮಾತಾಡಿಸಿಕೊಂಡು ಹೋಗಿದ್ದಾರೆ. ಈಗ ಅವನ ಎದುರಿಗೆ ಒಂದು ಕಂಪ್ಯೂಟರ್. ಪರದೆಯ ಮೇಲೆ ಒಂದರ ಹಿಂದೊಂದು ಮುನ್ನೂರಕ್ಕೂ ಹೆಚ್ಚು ಪುಟ್ಟ ವಾಕ್ಯಗಳು. ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎಂದಷ್ಟೇ ಉತ್ತರ. ತನಗೆ ಸಿಟ್ಟೇ ಬರುವುದಿಲ್ಲ, ಯಾರ ಬಗ್ಗೆಯೂ ಬೆನ್ನ ಹಿಂದೆ ಆಡಿಕೊಂಡದ್ದಿಲ್ಲ, ಗೊತ್ತಿರುವವರೆಲ್ಲರೂ ತನಗೆ ಅಚ್ಚುಮೆಚ್ಚು ಎಂಬ ಧಾಟಿಯವು ನಡುನಡುವೆ ಬರುತ್ತವೆ. ಪೊಲೀಸ್ ಆಗಬೇಕೆಂದು ಬಂದವನು ಏನು ಒತ್ತಬೇಕು?

ಒಳ್ಳೆಯವನಾಗಿ ಕಾಣಬೇಕೆಂದು 'ಸರಿ' ಒತ್ತುತ್ತಾ ಹೋದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಆ ವಾಕ್ಯಗಳನ್ನು ಹೆಣೆದಿರುವುದೇ ಅದಕ್ಕೆ. ಸಿಟ್ಟು ಬಾರದ ಮನುಷ್ಯ ಇಲ್ಲ, ಇದ್ದೇನೆಂದು ಹೇಳುವವನು ಒಂದೋ ತನ್ನನ್ನು ತಾನು ಅರಿತಿಲ್ಲ, ಇಲ್ಲವೇ ಮುಚ್ಚಿಡುತ್ತಿದ್ದಾನೆ ಎಂಬ ಎಣಿಕೆ ಅದರ ಹಿಂದಿದೆ. ಅಮೆರಿಕದ ಪೊಲೀಸ್ ನೇಮಕಾತಿಯ ಈ ಹಂತಕ್ಕೆ ತಯಾರಿ ಮಾಡಿಕೊಳ್ಳುವುದೆಂದರೇನು ಎಂದು ಓದುತ್ತಾ ಹೋದಷ್ಟೂ ನನಗೆ ಒಂದು ಮಾತು ಗಟ್ಟಿಯಾಗುತ್ತಾ ಬಂದಿದೆ: ಉತ್ತರ ಕಲಿತು ಹೋದವನಿಗೆ ಈ ಪರೀಕ್ಷೆ ಕಷ್ಟ, ತನ್ನ ಬದುಕನ್ನು ನೆನಪು ಮಾಡಿಕೊಂಡು ಹೋದವನಿಗೆ ಸಲೀಸು.

ಇದರ ಚರಿತ್ರೆ ಶುರುವಾಗುವ ಊರು ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಸ್ಯಾನ್ ಹೋಸೆ. ಇಂದು ಸಿಲಿಕಾನ್ ಕಣಿವೆಯ ಈ ನಗರದ ಸುತ್ತಮುತ್ತ ಸಾವಿರಾರು ಕನ್ನಡ ಮನೆಗಳಿವೆ. 1916ರಲ್ಲಿ ಅದು ಹಣ್ಣಿನ ತೋಟಗಳ ನಡುವಿನ ಪಟ್ಟಣ. ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಆ ವರ್ಷ ಅಲ್ಲಿನ ಪೊಲೀಸ್ ಮತ್ತು ಅಗ್ನಿಶಾಮಕ ಕೆಲಸಕ್ಕೆ ಬಂದ 30 ಮಂದಿಗೆ ಬುದ್ಧಿಮಾಪನ ಪರೀಕ್ಷೆ ಕೊಟ್ಟು, ಫಲಿತಾಂಶವನ್ನು ಮರುವರ್ಷ ಪ್ರಕಟಿಸಿದ. ಅವರ ಸರಾಸರಿ ಬುದ್ಧಿಸೂಚ್ಯಂಕ 84. ಎಂಬತ್ತಕ್ಕಿಂತ ಕೆಳಗಿನವರು ಈ ಕೆಲಸಕ್ಕೆ ತಕ್ಕವರಲ್ಲ ಎಂಬುದು ಅವನ ಸಲಹೆ. ಇದೇ ಟರ್ಮನ್ ಸುಜನನವಾದದ ಕಟ್ಟಾ ಬೆಂಬಲಿಗನೂ ಆಗಿದ್ದ, ಕೆಲವು ಜನಾಂಗಗಳ ಬುದ್ಧಿಯೇ ಕಡಿಮೆ ಎಂದು ಬರೆದವನು. ಪರೀಕ್ಷೆಯ ಹುಟ್ಟಿನಲ್ಲೇ ಈ ಕಲೆ ಇತ್ತೆಂಬುದನ್ನು ಮರೆಯಬಾರದು, ಮುಂದೆ ಬರುವ ವಾದಗಳಿಗೆ ಬೇರು ಅಲ್ಲಿದೆ. 1922ರಲ್ಲಿ ಲೂಯಿಸ್ ಥರ್‌ಸ್ಟನ್ ಡೆಟ್ರಾಯಿಟ್ ಪೊಲೀಸರನ್ನು ಅಳೆದಾಗ ಸಾಮಾನ್ಯ ಪೇದೆಗಳು ತಮ್ಮ ಮೇಲಧಿಕಾರಿಗಳಿಗಿಂತ ಹೆಚ್ಚು ಅಂಕ ಪಡೆದರು. ಬುದ್ಧಿಯೊಂದನ್ನೇ ಅಳೆದರೆ ಒಳ್ಳೆಯ ಪೊಲೀಸ್ ಯಾರೆಂದು ತಿಳಿಯುವುದಿಲ್ಲ ಎಂಬ ಸುಳಿವು ಆಗಲೇ ಸಿಕ್ಕಿತ್ತು.

ಸ್ವಭಾವದತ್ತ ಗಮನ ಹೊರಳಿದ್ದು ನಿಧಾನವಾಗಿ. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆ 1950ರ ದಶಕದಲ್ಲೇ ಅಭ್ಯರ್ಥಿಗಳನ್ನು ಮನೋವೈದ್ಯರ ಮುಂದೆ ಕೂರಿಸುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ನಗರಗಳು ಗಲಭೆಗಳಲ್ಲಿ ಹೊತ್ತಿ ಉರಿದವು, ಪೊಲೀಸರ ಲಾಠಿ ಮತ್ತು ಗುಂಡು ದೇಶದ ಚರ್ಚೆಯಾಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ್ದ ಆಯೋಗ 1967ರಲ್ಲಿ ವರದಿ ಕೊಡುವಾಗ, ಪೊಲೀಸ್ ಆಗಬಯಸುವವರ ಭಾವನಾತ್ಮಕ ಸ್ಥಿರತೆಯನ್ನು ಮನೋಪರೀಕ್ಷೆಯಿಂದ ನೋಡಬೇಕೆಂದಿತು. ಮರುವರ್ಷ ಮಾರ್ಟಿನ್ ರೈಸರ್ ಲಾಸ್ ಏಂಜಲೀಸ್ ಇಲಾಖೆಯ ಪೂರ್ಣಾವಧಿ ಮನಶ್ಶಾಸ್ತ್ರಜ್ಞರಾದರು. ಅಲ್ಲಿಂದಾಚೆಗೆ ಒಂದೊಂದೇ ರಾಜ್ಯ ಈ ಪರೀಕ್ಷೆಯನ್ನು ಕಾನೂನಿಗೆ ಸೇರಿಸುತ್ತಾ ಬಂತು.

ಇಂದಿನ ಕ್ರಮ ತಿಳಿಯಲು ಕ್ಯಾಲಿಫೋರ್ನಿಯಾದ ನಿಯಮಗಳೇ ಒಳ್ಳೆಯ ಮಾದರಿ. ಎಲ್ಲವನ್ನೂ ಬರೆದಿಟ್ಟ ರಾಜ್ಯ ಅದು. ಅಭ್ಯರ್ಥಿ ಪೊಲೀಸ್ ಅಧಿಕಾರವನ್ನು ಚಲಾಯಿಸಲು ತೊಡಕಾಗಬಹುದಾದಂಥ ದೈಹಿಕ, ಭಾವನಾತ್ಮಕ ಅಥವಾ ಮಾನಸಿಕ ಸ್ಥಿತಿಯಿಂದ ಮುಕ್ತನಾಗಿರಬೇಕು ಎನ್ನುತ್ತದೆ ಕಾನೂನು. ಇದನ್ನು ನೋಡುವವರು ಲೈಸೆನ್ಸ್ ಪಡೆದ ಮನಶ್ಶಾಸ್ತ್ರಜ್ಞರು ಅಥವಾ ಮನೋವೈದ್ಯರೇ ಆಗಿರಬೇಕು. ಕನಿಷ್ಠ ಎರಡು ಲಿಖಿತ ಪರೀಕ್ಷೆಗಳು: ಒಂದು ಸಾಮಾನ್ಯ ವ್ಯಕ್ತಿತ್ವವನ್ನು ನೋಡುವಂಥದ್ದು, ಇನ್ನೊಂದು ಮಾನಸಿಕ ತೊಂದರೆಯ ಲಕ್ಷಣಗಳನ್ನು ಹುಡುಕುವಂಥದ್ದು. ಆಮೇಲೆ ಮುಖಾಮುಖಿ ಸಂದರ್ಶನ. ಮನಶ್ಶಾಸ್ತ್ರಜ್ಞರು ತೂಗಿ ನೋಡುವ ಗುಣಗಳು ಹತ್ತು. ಜನರೊಡನೆ ವರ್ತಿಸುವ ಬಗೆ, ತಂಡದಲ್ಲಿ ದುಡಿಯುವುದು, ಬದಲಾದ ಪರಿಸ್ಥಿತಿಗೆ ಹೊಂದಿಕೊಳ್ಳುವುದು, ಹೊಣೆಗಾರಿಕೆ, ಆವೇಗದ ಮೇಲಿನ ಹಿಡಿತ, ಪ್ರಾಮಾಣಿಕತೆ, ಒತ್ತಡವನ್ನು ತಾಳುವುದು, ತೀರ್ಮಾನ ಶಕ್ತಿ, ಅಗತ್ಯವಿದ್ದಲ್ಲಿ ದೃಢವಾಗಿ ನಿಲ್ಲುವುದು, ವ್ಯಸನ ಮತ್ತು ಅಪಾಯದ ಚಾಳಿಗಳಿಂದ ದೂರವಿರುವುದು. ಈ ಪಟ್ಟಿ ಗುಟ್ಟಿನದಲ್ಲ, ಯಾರು ಬೇಕಾದರೂ ಓದಬಹುದು. ಅಭ್ಯರ್ಥಿ ಮಾಡಬೇಕಾದ ಮೊದಲ ಕೆಲಸವೂ ಅದೇ. ಪ್ರತಿ ಗುಣದ ಎದುರು ತನ್ನ ಬದುಕಿನ ಒಂದು ಘಟನೆಯನ್ನು, ಚೆನ್ನಾಗಿ ನಡೆದುಕೊಂಡದ್ದನ್ನೂ ಎಡವಿದ್ದನ್ನೂ, ನೆನಪಿಸಿಕೊಂಡು ಬರೆದುಕೊಳ್ಳುವುದು.

ಇನ್ನೊಂದು ಕಾನೂನು ಅಭ್ಯರ್ಥಿಯ ಪರವಾಗಿದೆ. ಅಂಗವಿಕಲರ ಹಕ್ಕುಗಳಿಗಾಗಿ 1990ರಲ್ಲಿ ಬಂದ ಅಮೆರಿಕದ ಕಾಯ್ದೆಯ ಪ್ರಕಾರ, ರೋಗಲಕ್ಷಣ ಹುಡುಕುವ ಪರೀಕ್ಷೆಯನ್ನು ಷರತ್ತಿನ ಮೇಲೆ ಕೆಲಸ ಕೊಟ್ಟ ನಂತರವೇ ಮಾಡಬೇಕು. ಹಾಗಾಗಿ ಮನಶ್ಶಾಸ್ತ್ರಜ್ಞರ ಕೋಣೆಗೆ ಕರೆ ಬಂತೆಂದರೆ ಉಳಿದ ಹಂತಗಳನ್ನು ಬಹುಪಾಲು ದಾಟಿಯಾಗಿದೆ, ಇಲಾಖೆಗೆ ನೀವು ಬೇಕಾಗಿದ್ದೀರಿ. ಇದು ಗೊತ್ತಿದ್ದರೆ ಎದೆಬಡಿತ ಅರ್ಧ ಇಳಿಯುತ್ತದೆ.

ಪರೀಕ್ಷೆಗಳ ಪೈಕಿ ಎಲ್ಲರ ಬಾಯಲ್ಲಿರುವುದು ಎಂಎಂಪಿಐ ಎಂಬ ಮಿನೆಸೋಟ ವ್ಯಕ್ತಿತ್ವ ಪರೀಕ್ಷೆ. ಮಿನೆಸೋಟ ವಿಶ್ವವಿದ್ಯಾಲಯದ ಹ್ಯಾಥವೇ ಮತ್ತು ಮೆಕಿನ್ಲಿ ಇದನ್ನು 1943ರಲ್ಲಿ ಪ್ರಕಟಿಸಿದ್ದು ಆಸ್ಪತ್ರೆಗೆಂದು, ಪೊಲೀಸ್ ಠಾಣೆಗೆಂದಲ್ಲ. ಸಹಜ ಮನಸ್ಸಿನ ಅಳತೆಗೋಲಾಗಿ ಅವರು ಹಿಡಿದದ್ದು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಂದ ನೆಂಟರಿಷ್ಟರನ್ನು. ಒಂದು ರಾಜ್ಯದ, ಬಹುಪಾಲು ಬಿಳಿಯರ ಆ ಗುಂಪೇ ದಶಕಗಳ ಕಾಲ ಇಡೀ ದೇಶಕ್ಕೆ ಮಾಪಕವಾಗಿತ್ತು. 1989ರ ಪರಿಷ್ಕರಣೆಯಲ್ಲಿ ಅದನ್ನು ವಿಸ್ತರಿಸಿದರು. ಆಗ ವಾಕ್ಯಗಳು 567. 2020ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ 335. ಇದರ ಜೊತೆಗೆ ಹ್ಯಾರಿಸನ್ ಗಫ್ ರೂಪಿಸಿದ ಕ್ಯಾಲಿಫೋರ್ನಿಯಾ ವ್ಯಕ್ತಿತ್ವ ಪರೀಕ್ಷೆ, ಪಿಎಐ ಎಂಬ ಇನ್ನೊಂದು ವ್ಯಕ್ತಿತ್ವ ಪರೀಕ್ಷೆ, ಕ್ಯಾಟೆಲ್‌ನ ಹದಿನಾರು ಅಂಶಗಳ ಪರೀಕ್ಷೆ, ಪೊಲೀಸ್ ಅಭ್ಯರ್ಥಿಗಳಿಗೆಂದೇ ರಾಬಿನ್ ಇನ್ವಾಲ್ಡ್ ತಯಾರಿಸಿದ ಪ್ರಶ್ನಾವಳಿ ಮುಂತಾದವು ಬಳಕೆಯಲ್ಲಿವೆ. ಯಾವುದನ್ನು ಬಳಸುತ್ತಾರೆಂದು ಮೊದಲೇ ತಿಳಿದರೂ ಹೆಚ್ಚು ಲಾಭವಿಲ್ಲ.

ಯಾಕೆಂದರೆ ಇವುಗಳಲ್ಲಿ ಉತ್ತರವನ್ನು ಅಳೆಯುವ ಮಾಪಕಗಳ ಜೊತೆಗೆ ಉತ್ತರಿಸುವ ರೀತಿಯನ್ನು ಅಳೆಯುವ ಮಾಪಕಗಳೂ ಇರುತ್ತವೆ. ಒಂದೇ ವಿಷಯವನ್ನು ಬೇರೆಬೇರೆ ಮಾತಿನಲ್ಲಿ ದೂರದೂರ ಇಟ್ಟು ಕೇಳಿರುತ್ತಾರೆ. ಕಣ್ಣುಮುಚ್ಚಿ ಒತ್ತಿದವನ ಉತ್ತರಗಳು ಒಂದಕ್ಕೊಂದು ಹೊಡೆದಾಡುತ್ತವೆ. ಲೇಖನದ ಮೊದಲಲ್ಲಿ ಹೇಳಿದ ಸಾಧುಸಂತರ ಧಾಟಿಯ ವಾಕ್ಯಗಳನ್ನು ಒಟ್ಟುಮಾಡಿದ ಮಾಪಕವೊಂದಿದೆ, ಹಳೆಯ ಆವೃತ್ತಿಗಳಲ್ಲಿ ಅದಕ್ಕೆ ಎಲ್ ಮಾಪಕ ಎಂದು ಹೆಸರು. ಪೊಲೀಸ್ ಕೆಲಸಕ್ಕೆ ಬರುವವರೆಲ್ಲ ತುಸು ಒಳ್ಳೆಯವರಾಗಿ ಕಾಣಲು ನೋಡುತ್ತಾರೆಂಬುದು ಮನಶ್ಶಾಸ್ತ್ರಜ್ಞರಿಗೆ ಗೊತ್ತು. ಆದ್ದರಿಂದಲೇ ಅಭ್ಯರ್ಥಿಯ ಅಂಕವನ್ನು ಬೇರೆ ಪೊಲೀಸ್ ಅಭ್ಯರ್ಥಿಗಳ ಅಂಕದೊಡನೆ ಹೋಲಿಸುತ್ತಾರೆ. ಆ ಸರಾಸರಿಯನ್ನೂ ಬಹಳ ಮೀರಿ ಏರಿದರೆ ತೊಂದರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಮಾಪಕದಲ್ಲಿ ಹೆಚ್ಚು ಅಂಕ ಪಡೆದವರಿಗೂ ಮುಂದೆ ಕೆಲಸದಲ್ಲಿ ಕಾಣಿಸಿಕೊಂಡ ಸಮಸ್ಯೆಗಳಿಗೂ ನಂಟನ್ನು ತೋರಿಸಿತು. ಸಣ್ಣ ತಪ್ಪನ್ನೂ ಒಪ್ಪಿಕೊಳ್ಳಲಾರದವನು ನಾಳೆ ವರದಿಯಲ್ಲಿ, ನ್ಯಾಯಾಲಯದ ಕಟಕಟೆಯಲ್ಲಿ ಏನು ಮಾಡಿಯಾನು? ಇಲಾಖೆ ಕೇಳುವ ಈ ಪ್ರಶ್ನೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ತಯಾರಿಯ ತಿರುಳು ಇರುವುದು ಸಂದರ್ಶನದಲ್ಲಿ. ಮನಶ್ಶಾಸ್ತ್ರಜ್ಞರ ಮೇಜಿನ ಮೇಲೆ ಪರೀಕ್ಷೆಯ ಅಂಕಗಳಷ್ಟೇ ಇರುವುದಿಲ್ಲ. ಅಭ್ಯರ್ಥಿಯೇ ತುಂಬಿಕೊಟ್ಟ ಜೀವನವೃತ್ತಾಂತದ ಉದ್ದನೆಯ ಪ್ರಶ್ನಾವಳಿ, ಹಿನ್ನೆಲೆ ತನಿಖೆಯ ವರದಿ, ಕೆಲವು ಕಡೆ ಸುಳ್ಳುಪತ್ತೆ ಪರೀಕ್ಷೆಯ ಟಿಪ್ಪಣಿಯೂ ಇರುತ್ತದೆ. ಅವರು ಇವನ್ನೆಲ್ಲ ಅಕ್ಕಪಕ್ಕ ಇಟ್ಟು ಓದುತ್ತಾರೆ. ಅರ್ಜಿಯಲ್ಲಿ ಎರಡು ಕೆಲಸ ಬಿಟ್ಟೆ ಎಂದು ಬರೆದು, ತನಿಖಾಧಿಕಾರಿಗೆ ಮೂರು ಎಂದು ಹೇಳಿ, ಸಂದರ್ಶನದಲ್ಲಿ ಮೂರನೆಯದರ ಮಾತು ಬಂದಾಗ ತಡವರಿಸಿದರೆ, ಕೆಲಸ ಬಿಟ್ಟ ಕಾರಣಕ್ಕಿಂತ ತಡವರಿಕೆಯೇ ದೊಡ್ಡದಾಗುತ್ತದೆ. ಆದ್ದರಿಂದ ಕೊಟ್ಟ ಪ್ರತಿಯೊಂದು ಕಾಗದದ ನಕಲು ಇಟ್ಟುಕೊಳ್ಳುವುದು, ಹಿಂದಿನ ರಾತ್ರಿ ಅದನ್ನು ಓದಿಕೊಳ್ಳುವುದು ಬಹಳ ಮುಖ್ಯ. ತಾರೀಕುಗಳು, ವಿಳಾಸಗಳು, ಟ್ರಾಫಿಕ್ ದಂಡಗಳು, ತೀರಿಸದ ಸಾಲ, ಹರೆಯದಲ್ಲಿ ಮುಟ್ಟಿದ ಮಾದಕ ವಸ್ತು, ಹೊಡೆದಾಟ, ಮುರಿದ ಸಂಬಂಧ. ಇವೆಲ್ಲ ಬರುತ್ತವೆ. ಏನೋ ತಪ್ಪಾಗಿ ಬರೆದದ್ದು ಈಗ ನೆನಪಾದರೆ ಅವರು ಕೇಳುವ ಮೊದಲೇ ತಾವಾಗಿ ಹೇಳಿ ತಿದ್ದಿಸಬೇಕು.

ಹೇಳುವ ಬಗೆಯಲ್ಲೂ ಒಂದು ಹದವಿದೆ. ನಡೆದದ್ದೇನು, ಅದರಲ್ಲಿ ನನ್ನ ಪಾಲೆಷ್ಟು, ಆಮೇಲೆ ನಾನು ಬದಲಿಸಿಕೊಂಡದ್ದೇನು. ಇಷ್ಟು ಸಾಕು. 'ಮ್ಯಾನೇಜರ್ ಸರಿಯಿರಲಿಲ್ಲ' ಎಂಬಲ್ಲಿಗೆ ನಿಲ್ಲಿಸುವವನು ಎಲ್ಲ ಕಡೆಯೂ ಮ್ಯಾನೇಜರನ್ನೇ ದೂರುವವನಂತೆ ಕಾಣುತ್ತಾನೆ. ಕೇಳಿದ್ದಕ್ಕೆ ಉತ್ತರಿಸಬೇಕು, ಕೇಳದ ಹತ್ತು ವಿಷಯಗಳನ್ನು ಆತಂಕದಿಂದ ಸುರಿಯುವುದೂ ಬೇಡ. ತಮಾಷೆ ಮಾಡಿ ಮೌನ ತುಂಬಲು ಹೋಗಬಾರದು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಬೇಕು. ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೆ ಹೋಗಿ ಮುನ್ನೂರು ವಾಕ್ಯಗಳ ಮುಂದೆ ಕೂತರೆ ಕೊನೆಯ ನೂರನ್ನು ಓದದೆಯೇ ಒತ್ತುವಂತಾಗುತ್ತದೆ. ಒಂದೊಂದು ವಾಕ್ಯದ ಮೇಲೂ ಹತ್ತು ನಿಮಿಷ ಕೂರುವುದೂ ಸಲ್ಲ, ಮೊದಲು ಮನಸ್ಸಿಗೆ ಹೊಳೆದ ನಿಜವನ್ನು ಒತ್ತಿ ಮುಂದೆ ಹೋಗಬೇಕು.

ಹಿಂದೆಂದೋ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಂಡಿದ್ದರೆ ಕೆಲಸ ಹೋಯಿತೆಂಬ ಹೆದರಿಕೆ ಬಹಳ ಮಂದಿಗಿದೆ. ಕಂಡದ್ದೊಂದೇ ಕಾರಣಕ್ಕೆ ಯಾರನ್ನೂ ಕೈಬಿಡುವುದಿಲ್ಲ. ತಂದೆ ತೀರಿಕೊಂಡಾಗ ಆರು ತಿಂಗಳು ಸಮಾಲೋಚನೆಗೆ ಹೋಗಿದ್ದೆ, ನಿದ್ದೆ ಮರಳಿತು, ಕೆಲಸಕ್ಕೆ ಹಿಂದಿರುಗಿದೆ ಎಂದವನು ಒತ್ತಡ ಬಂದಾಗ ನೆರವು ಕೇಳಬಲ್ಲೆ ಎಂಬುದಕ್ಕೆ ಸಾಕ್ಷಿ ಒದಗಿಸುತ್ತಾನೆ. ಅದನ್ನೇ ಮುಚ್ಚಿಟ್ಟು ಆಮೇಲೆ ದಾಖಲೆಯಲ್ಲಿ ಸಿಕ್ಕರೆ, ಆಗ ಚರ್ಚೆ ಪ್ರಾಮಾಣಿಕತೆಯದಾಗುತ್ತದೆ. ಇಲ್ಲಿ ನಮ್ಮವರ ಬಗ್ಗೆ ಒಂದು ಮಾತು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡ ಮನೆಗಳ ಮಕ್ಕಳಲ್ಲಿ ಯಾರಾದರೂ ಈ ಕೆಲಸದ ಕಡೆ ಹೊರಟರೆ, ಮನೆಯ ಮಾತು ಹೊಸಿಲು ದಾಟಬಾರದು ಎಂಬ ಪಾಠ ಅವರ ರಕ್ತದಲ್ಲೇ ಇರುತ್ತದೆ. ಅಪ್ಪ ಅಮ್ಮನ ಜಗಳ, ತನ್ನ ಖಿನ್ನತೆ, ಬಿಟ್ಟ ಎಂಜಿನಿಯರಿಂಗ್ ಇವನ್ನೆಲ್ಲ ಅಪರಿಚಿತರ ಮುಂದೆ ಹೇಳುವುದು ಮನೆತನಕ್ಕೆ ಮಾಡುವ ದ್ರೋಹವೆನ್ನಿಸಬಹುದು. ಕೇಳುವವರಿಗೆ ಆ ಸಂಕೋಚ ಬಚ್ಚಿಡುವಿಕೆಯಂತೆ ತೋರುವ ಅಪಾಯವಿದೆ. ಸಂದರ್ಶನದ ಹಿಂದಿನ ವಾರ ನಂಬಿಕೆಯ ಸ್ನೇಹಿತರೊಬ್ಬರ ಎದುರು ಆ ಕಥೆಯನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡುವುದು ಒಳ್ಳೆಯದು. ಸಾಲು ಕಂಠಪಾಠ ಮಾಡಲೆಂದು ಹೇಳುತ್ತಿಲ್ಲ, ಮೊದಲ ಸಲ ಹೇಳುವಾಗಿನ ಗಂಟಲು ಬಿಗಿತ ಅಲ್ಲೇ ಕಳೆದುಹೋಗಲಿ ಎಂದು.

ಹೀಗೆಲ್ಲ ಹೇಳಿದ ಮೇಲೆ, ಈ ಪರೀಕ್ಷೆ ಎಷ್ಟು ನಂಬಿಕೆಗೆ ಅರ್ಹ ಎಂದೂ ಕೇಳಲೇಬೇಕು. ಒಂದು ಲೆಕ್ಕ ಹಾಕಿ ನೋಡೋಣ. ಸಾವಿರ ಅಭ್ಯರ್ಥಿಗಳಲ್ಲಿ ನಿಜಕ್ಕೂ ಅಪಾಯಕಾರಿಯಾದವರು ಐವತ್ತು ಎಂದಿಟ್ಟುಕೊಳ್ಳಿ. ಪರೀಕ್ಷೆ ಅವರಲ್ಲಿ ನಲವತ್ತು ಮಂದಿಯನ್ನು ಹಿಡಿಯುವಷ್ಟು ಚುರುಕು, ಒಳ್ಳೆಯವರಲ್ಲಿ ನೂರಕ್ಕೆ ಹತ್ತು ಮಂದಿಯ ಮೇಲೆ ಮಾತ್ರ ತಪ್ಪಾಗಿ ಅನುಮಾನ ಪಡುತ್ತದೆ ಎನ್ನೋಣ. ಆಗ ಅನುಮಾನಕ್ಕೆ ಗುರಿಯಾದವರು 135, ಅವರಲ್ಲಿ 95 ಮಂದಿ ನಿರಪರಾಧಿಗಳು. ಅಪರೂಪದ್ದನ್ನು ಹುಡುಕುವ ಯಾವ ಬಲೆಗಾದರೂ ಇದೇ ಗತಿ. ಅದಕ್ಕೇ ಅಂಕವೊಂದನ್ನೇ ನೋಡಿ ತೀರ್ಪು ಕೊಡಬಾರದು, ಸಂದರ್ಶನ ಮತ್ತು ಹಿನ್ನೆಲೆಯ ಜೊತೆ ತೂಗಬೇಕು ಎಂದು ವೃತ್ತಿಯ ಮಾರ್ಗಸೂಚಿಗಳು ಒತ್ತಿ ಹೇಳುವುದು. ಕ್ಯಾಲಿಫೋರ್ನಿಯಾದಲ್ಲಿ ಅನರ್ಹನೆನಿಸಿಕೊಂಡವನು ಬೇರೊಬ್ಬ ಮನಶ್ಶಾಸ್ತ್ರಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯಲು ದಾರಿಯಿದೆ. ಒಂದು ಊರಿನಲ್ಲಿ ಬೇಡವೆನಿಸಿಕೊಂಡದ್ದು ಹುಚ್ಚನೆಂಬ ಮುದ್ರೆಯಲ್ಲ; ಆ ಕೆಲಸಕ್ಕೆ, ಆ ಹೊತ್ತಿಗೆ ತಕ್ಕವನಲ್ಲ ಎಂಬ ಅಭಿಪ್ರಾಯವಷ್ಟೇ.

ಪರೀಕ್ಷೆ ಎಲ್ಲೆ ಮೀರಿದ ಉದಾಹರಣೆಗಳೂ ಇವೆ. ಟಾರ್ಗೆಟ್ ಅಂಗಡಿಗಳ ಕಾವಲುಗಾರರ ಕೆಲಸಕ್ಕೆ ಬಂದವರಿಗೆ ಎರಡು ಹಳೆಯ ಪರೀಕ್ಷೆಗಳನ್ನು ಬೆಸೆದ 704 ಪ್ರಶ್ನೆಗಳನ್ನು ಕೊಡಲಾಗುತ್ತಿತ್ತು, ಅವುಗಳಲ್ಲಿ ದೇವರ ನಂಬಿಕೆ, ಲೈಂಗಿಕ ಒಲವಿನ ಪ್ರಶ್ನೆಗಳೂ ಇದ್ದವು. 1991ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಅದು ಖಾಸಗಿತನಕ್ಕೆ ಧಕ್ಕೆ ಎಂದಿತು. ಕನೆಟಿಕಟ್‌ನ ನ್ಯೂ ಲಂಡನ್ ಎಂಬ ಊರಿನ ಕಥೆ ಇನ್ನೂ ವಿಚಿತ್ರ. ರಾಬರ್ಟ್ ಜೋರ್ಡನ್ ಎಂಬಾತ 1996ರಲ್ಲಿ ಬುದ್ಧಿ ಪರೀಕ್ಷೆಯಲ್ಲಿ 33 ಅಂಕ ತೆಗೆದ. ನಗರದವರು ಸಂದರ್ಶನಕ್ಕೆ ಕರೆದದ್ದು 20ರಿಂದ 27 ಅಂಕದವರನ್ನು. ಹೆಚ್ಚು ಬುದ್ಧಿಯವರು ಬೇಸತ್ತು, ತರಬೇತಿಯ ಖರ್ಚು ನೀರಿನಲ್ಲಿ ಹೋಮ ಮಾಡಿ, ಕೆಲಸ ಬಿಡುತ್ತಾರೆ ಎಂಬುದು ಅವರ ವಾದ. 2000ದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ನಗರದ ಪರವಾಗಿಯೇ ನಿಂತಿತು. ಕಾನೂನಿನ ಕಣ್ಣಿಗೆ ಸರಿಯಿರಬಹುದು, ಊರಿನ ಜನರಿಗೆ ಅದರಿಂದ ಒಳಿತಾಯಿತೆಂದು ನಾನು ನಂಬಲಾರೆ.

ಕ್ಲೀವ್‌ಲ್ಯಾಂಡ್‌ನ ಪ್ರಕರಣ ಮನಸ್ಸನ್ನು ಕಲಕುವಂಥದ್ದು. 2014ರ ನವೆಂಬರ್‌ನಲ್ಲಿ ಆಟಿಕೆ ಬಂದೂಕು ಹಿಡಿದಿದ್ದ ಹನ್ನೆರಡು ವರ್ಷದ ಟಮೀರ್ ರೈಸ್‌ನನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಂದ. ಆ ಪೊಲೀಸ್ ಮೊದಲು ಸೇರಿದ್ದ ಪಕ್ಕದ ಊರಿನ ಇಲಾಖೆ, ಬಂದೂಕು ತರಬೇತಿಯ ವೇಳೆ ಅವನು ಭಾವನಾತ್ಮಕವಾಗಿ ಕುಸಿದಿದ್ದನ್ನೂ ಅವನು ಈ ಕೆಲಸಕ್ಕೆ ಪಕ್ವನಾಗಿಲ್ಲವೆಂಬುದನ್ನೂ ಕಡತದಲ್ಲಿ ಬರೆದಿಟ್ಟಿತ್ತು. ಕ್ಲೀವ್‌ಲ್ಯಾಂಡ್‌ನವರು ಆ ಕಡತವನ್ನು ತರಿಸಿ ನೋಡಿರಲಿಲ್ಲ. ಅರ್ಜಿಯಲ್ಲಿ ಸತ್ಯ ಹೇಳಿರಲಿಲ್ಲವೆಂದು ಅವನನ್ನು ವಜಾ ಮಾಡಿದ್ದು 2017ರಲ್ಲಿ. ನೂರಾರು ಪ್ರಶ್ನೆಗಳ ಪರೀಕ್ಷೆಗಿಂತ ಹತ್ತು ಮೈಲಿ ದೂರದ ಒಂದು ಫೈಲು ಹೆಚ್ಚು ಹೇಳುತ್ತಿತ್ತು. ಮನೋಪರೀಕ್ಷೆಯ ಮೇಲೆ ಭಾರ ಹಾಕಿ ಹಿನ್ನೆಲೆ ತನಿಖೆಯಲ್ಲಿ ಸೋಮಾರಿಯಾದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಡ. 2020ರಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಕ್ಯಾಲಿಫೋರ್ನಿಯಾ ತನ್ನ ಕಾನೂನನ್ನು ತಿದ್ದಿ, ಜನಾಂಗ, ಧರ್ಮ, ಲಿಂಗದಂಥ ವಿಷಯಗಳಲ್ಲಿ ಅಭ್ಯರ್ಥಿಗಿರುವ ಪೂರ್ವಗ್ರಹವನ್ನೂ ನೋಡಬೇಕೆಂದಿತು. ಟರ್ಮನ್‌ನ ಊರಿರುವ ರಾಜ್ಯ ಸುಮಾರು ನೂರು ವರ್ಷಗಳ ಬಳಿಕ ಹಿಡಿದ ದಾರಿ ಇದು. ಪೂರ್ವಗ್ರಹವನ್ನು ಒಪ್ಪಿಕೊಳ್ಳುವವರು ಯಾರು, ಅದನ್ನು ಅಳೆಯುವುದು ಹೇಗೆ ಎಂಬುದು ಈಗಿನ ದೊಡ್ಡ ಸವಾಲು.

ನಮ್ಮಲ್ಲಿಗೆ ಬಂದರೆ ಚಿತ್ರವೇ ಬೇರೆ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಬೆಳಕು ಹರಿಯುವ ಮುನ್ನವೇ ಎದ್ದು ಮೈದಾನಕ್ಕೆ ಹೋಗುವ ಹುಡುಗರಿಗೆ ತಮ್ಮ ಅಳತೆಗಳು ಬಾಯಿಪಾಠ: ಕಾನ್‌ಸ್ಟೆಬಲ್ ಹುದ್ದೆಗೆ 1600 ಮೀಟರ್ ಓಟ ಆರೂವರೆ ನಿಮಿಷದಲ್ಲಿ, ಎತ್ತರ 168 ಸೆಂಟಿಮೀಟರ್, ಗುಂಡು ಎಸೆತ, ಜಿಗಿತ. ಇವುಗಳ ಜೊತೆಗೆ ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ. ಮನಸ್ಸಿಗೆಂದೇ ಮೀಸಲಾದ ಹಂತ ಇಲ್ಲ. ಸಾಲ, ಸಿಟ್ಟು, ಕುಡಿತ, ಮನೆಯ ಜಗಳ ಇವುಗಳ ಬಗ್ಗೆ ತರಬೇತಾದವರೊಬ್ಬರು ಎದುರು ಕೂತು ಕೇಳುವ ಅರ್ಧ ಗಂಟೆಯೂ ಇಲ್ಲ. 2023ರ ಜುಲೈ 31ರಂದು ಜೈಪುರ-ಮುಂಬೈ ರೈಲಿನಲ್ಲಿ ತನ್ನ ಮೇಲಧಿಕಾರಿಯನ್ನೂ ಮೂವರು ಪ್ರಯಾಣಿಕರನ್ನೂ ಕೊಂದ ಆರೋಪ ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಮೇಲೆ ಬಂದಾಗ, ಬಂದೂಕು ಕೊಡುವ ಮೊದಲು ಮತ್ತು ಕೊಟ್ಟ ಮೇಲೆ ಮನಸ್ಸನ್ನು ಯಾರು ನೋಡುತ್ತಾರೆಂಬ ಪ್ರಶ್ನೆ ಕೆಲದಿನ ಎದ್ದು ಮತ್ತೆ ಮಲಗಿತು.

ಭಾರತಕ್ಕೆ ಇಂಥ ಪರೀಕ್ಷೆ ಹೊಸತಲ್ಲ. ಬೆಂಗಳೂರಿನಲ್ಲೇ ಸೇನಾ ಅಧಿಕಾರಿಗಳ ಆಯ್ಕೆ ಕೇಂದ್ರವಿದೆ. ಅಲ್ಲಿ ಐದು ದಿನಗಳ ಆಯ್ಕೆಯಲ್ಲಿ ಒಂದು ಪೂರ್ತಿ ಭಾಗವೇ ಮನಶ್ಶಾಸ್ತ್ರಕ್ಕೆ ಮೀಸಲು. ಮಬ್ಬು ಚಿತ್ರ ನೋಡಿ ನಾಲ್ಕು ನಿಮಿಷದಲ್ಲಿ ಕಥೆ, ತಲಾ ಹದಿನೈದು ಸೆಕೆಂಡಿಗೆ ಒಂದರಂತೆ ಅರವತ್ತು ಪದಗಳಿಗೆ ವಾಕ್ಯ, ಅರ್ಧ ಗಂಟೆಯಲ್ಲಿ ಅರವತ್ತು ಸನ್ನಿವೇಶಗಳಿಗೆ ಪ್ರತಿಕ್ರಿಯೆ, ಕೊನೆಗೆ ತನ್ನ ಬಗ್ಗೆ ತಾನೇ ಬರೆಯುವ ವಿವರಣೆ. ಸಮಯ ಅಷ್ಟು ಬಿಗಿಯಾಗಿರುವುದು ಯೋಚಿಸಿ ವೇಷ ಹಾಕಲು ಬಿಡಬಾರದೆಂದು. ಆದರೂ ಕೋಚಿಂಗ್‌ನವರು ಸಿದ್ಧ ಕಥೆಗಳನ್ನು ಕಟ್ಟಿಕೊಡುತ್ತಾರೆ: ನಾಯಕ ಹಳ್ಳಿಯ ಬಾವಿ ಶುಚಿ ಮಾಡಿಸುತ್ತಾನೆ, ಗೆಳೆಯರನ್ನು ಒಟ್ಟುಗೂಡಿಸುತ್ತಾನೆ, ಗೆಲ್ಲುತ್ತಾನೆ. ಚಿತ್ರ ಬದಲಾದರೂ ಕಥೆ ಬದಲಾಗದಿದ್ದರೆ ಓದುವವರಿಗೆ ಗೊತ್ತಾಗದಿರುತ್ತದೆಯೇ?

ಈ ಪರೀಕ್ಷೆಯನ್ನು ನಾಳೆ ನಮ್ಮ ಪೊಲೀಸ್ ನೇಮಕಾತಿಗೂ ತಂದರೆ ನನ್ನ ಆತಂಕ ಸಿದ್ಧ ಕಥೆಗಳದ್ದಷ್ಟೇ ಅಲ್ಲ, ಅಕ್ರಮದ್ದೂ ಹೌದು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆಯಲು 2024ರ ಜನವರಿಯವರೆಗೆ ಕಾಯಬೇಕಾಯಿತು. ನಿಷ್ಠೆಯಿಂದ ಓದಿ, ವಯಸ್ಸು ಮೀರುತ್ತಾ ಕೂತ ಹುಡುಗ ಹುಡುಗಿಯರ ನೋವನ್ನು ಹತ್ತಿರದಿಂದ ಕಂಡವರಿಗೆ, ಒಬ್ಬ ಪರಿಣತರ ಅಭಿಪ್ರಾಯದ ಮೇಲೆ ನಿಲ್ಲುವ ಇನ್ನೊಂದು ಹಂತವೆಂದರೆ ಲಂಚಕ್ಕೆ ಇನ್ನೊಂದು ಬಾಗಿಲು ಎಂದೇ ತೋರುತ್ತದೆ. ಆ ಭಯ ಸುಳ್ಳಲ್ಲ. ತಂದರೆ ಅದು ಕನ್ನಡದಲ್ಲೇ, ನಮ್ಮ ಜನರ ಮೇಲೆಯೇ ಅಳೆದು ಸಿದ್ಧಪಡಿಸಿದ್ದಾಗಿರಬೇಕು. ಮಿನೆಸೋಟದ ಆಸ್ಪತ್ರೆಗೆ ಬಂದ ನೆಂಟರನ್ನು ಮಾಪಕವಾಗಿ ಹಿಡಿದು ಬಳ್ಳಾರಿಯ ಹುಡುಗಿಯ ಮನಸ್ಸನ್ನು ತೂಗಲಾಗದು. ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಬೇರೆ ಪರಿಣತರ ಮುಂದೆ ಮೇಲ್ಮನವಿಗೆ ಅವಕಾಶವಿರಬೇಕು, ಕೆಲಸ ಸಿಕ್ಕ ಮೇಲೂ ಅದೇ ಪರಿಣತರು ಗುಟ್ಟು ಕಾಯುವ ನೆರವಿಗೆ ಸಿಗಬೇಕು.

ಅಷ್ಟರವರೆಗೆ ಸಪ್ತಾಪುರದ ರೂಮುಗಳಲ್ಲಿ ಕೂತು ಓದುವವರು ಕೀ ಆನ್ಸರ್ ಇಲ್ಲದ ಒಂದು ಹಾಳೆಯನ್ನು ಈಗಲೇ ತುಂಬತೊಡಗಬಹುದು. ಕಳೆದ ಸಲ ಸಿಟ್ಟು ಬಂದಾಗ ಏನು ಮಾಡಿದೆ, ಯಾರ ಮೇಲೆ ಕೈ ಎತ್ತಿದೆ ಅಥವಾ ಎತ್ತದೆ ನಿಂತೆ, ಮುಚ್ಚಿಟ್ಟದ್ದು ಏನು, ತಪ್ಪೊಪ್ಪಿಕೊಂಡದ್ದು ಯಾರ ಮುಂದೆ.